ವಾರಕ್ಕೆ ಎರಡು ಪೀರಿಯಡ್

ಪ್ರತಿಭಾ ಕಾರಂಜಿ ಶುರುವಾಯಿತೆಂದರೆ ನನ್ನಂಥ ತಾಲ್ಲೂಕು ವರದಿಗಾರರಿಗೆ ಕೆಲವು ವಾರ ಸುದ್ದಿಗೆ ಬರ ಇರುವುದಿಲ್ಲ. ಮೊದಲು ಕ್ಲಸ್ಟರ್ ಮಟ್ಟ, ಆಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ. ಎಲ್ಲ ಕಡೆ ಅದೇ ಶಾಮಿಯಾನ, ಅದೇ ಕೂಗುವ ಮೈಕು, ಅದೇ ದೀಪ ಬೆಳಗುವ ಫೋಟೊ. ಛದ್ಮವೇಷದ ಕಿತ್ತೂರು ಚೆನ್ನಮ್ಮನ ಚಿತ್ರ ಚೆನ್ನಾಗಿ ಬಂದರೆ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಖಾತ್ರಿ. ನಮಗೆ ಸಂಬಳ ಅಂತ ಇಲ್ಲ, ಪ್ರಕಟವಾದದ್ದಕ್ಕೆ ಲೆಕ್ಕ. ಹಾಗಾಗಿ ನಾನೂ ತಪ್ಪದೆ ಹೋಗುತ್ತೇನೆ. ಇದನ್ನು ಓದುವವರಲ್ಲಿ ಅರ್ಧ ಜನ ಇದೇ ಕಸುಬಿನವರು, ಹೆಚ್ಚು ಹೇಳಬೇಕಿಲ್ಲ.

ಆದರೆ ಒಂದು ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ. ಒಂದು ಶಾಲೆಯಿಂದ ಸ್ಪರ್ಧೆಗೆ ಹೋಗುವುದು ಹದಿನೈದೋ ಇಪ್ಪತ್ತೋ ಮಕ್ಕಳು. ಅವರು ಯಾರು ಎಂದು ನೋಡಿದರೆ, ಮನೆಯಲ್ಲಿ ಹಾಡುವ ಅಜ್ಜಿ ಇದ್ದವರು, ಅಪ್ಪ ಭಜನಾ ಮಂಡಳಿಯಲ್ಲಿ ಇದ್ದವರು, ಕೊಪ್ಪಳದಿಂದ ಬಾಡಿಗೆ ಡ್ರೆಸ್ ತರಿಸುವ ಶಕ್ತಿ ಇದ್ದವರು. ಶಾಲೆ ಅವರಿಗೆ ಕಲಿಸಿರುವುದಿಲ್ಲ, ಆರಿಸಿರುತ್ತದೆ ಅಷ್ಟೆ. ಉಳಿದ ಮಕ್ಕಳು ಆ ದಿನ ತರಗತಿಯಲ್ಲಿ ಗದ್ದಲ ಮಾಡುತ್ತ ಕೂತಿರುತ್ತಾರೆ, ಯಾಕೆಂದರೆ ಮೇಷ್ಟ್ರು ಸ್ಪರ್ಧೆಗೆ ಹೋಗಿದ್ದಾರೆ. ಪ್ರತಿಭಾ ಕಾರಂಜಿ ಕೆಟ್ಟದ್ದು ಎನ್ನುತ್ತಿಲ್ಲ. ಬಿತ್ತದೇ ವರ್ಷವರ್ಷ ಕಣ ಮಾಡುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಎರಡು ವರ್ಷದ ಹಿಂದೆ, ಮಗಳು ಓದುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ ಪಾಲಕರ ಪರವಾಗಿ ನನ್ನ ಹೆಸರು ಹಾಕಿದರು. ಯಲಬುರ್ಗಾ ಸೀಮೆಯ ಎರೆಹೊಲದ ಊರು. ಹೆಸರು ಬೇಡ, ಮುಖ್ಯಗುರುಗಳು ಇನ್ನೂ ಅಲ್ಲೇ ನೌಕರಿ ಮಾಡಬೇಕು. ‘ಪೇಪರ್‌ನಾವ ಒಬ್ಬ ಇದ್ರ ಕೆಲ್ಸ ಆಗ್ತಾವ’ ಎಂಬುದು ಊರಿನವರ ಲೆಕ್ಕಾಚಾರ. ಅವರ ಮನಸ್ಸಿನಲ್ಲಿದ್ದ ಕೆಲಸ ಕಾಂಪೌಂಡು, ಶೌಚಾಲಯ, ಸೋರುವ ಎರಡು ಕೊಠಡಿ. ನಾನು ಹಿಡಿದು ಕೂತದ್ದು ವಾರಕ್ಕೆ ಎರಡು ಪೀರಿಯಡ್ ಕಲೆ.

ಮೊದಲ ಸಭೆ ಮುಗಿದ ಮೇಲೆ ಕಚೇರಿ ಗೋಡೆಯ ವೇಳಾಪಟ್ಟಿಯನ್ನು ನಿಧಾನಕ್ಕೆ ಓದಿದೆ. ಅಲ್ಲಿ ಚಿತ್ರಕಲೆ ಇತ್ತು, ಸಂಗೀತ ಇತ್ತು, ಕಾರ್ಯಾನುಭವ ಇತ್ತು. ಎಲ್ಲ ಚೌಕಗಳೂ ಭರ್ತಿ. ಮಗಳನ್ನು ಕೇಳಿದರೆ ‘ಅದು ಗಣಿತದ ಪೀರಿಯಡ್’ ಅಂದಳು. ಇನ್ನೊಂದು ‘ಸುಮ್ನ ಕುಂದ್ರೋ ಪೀರಿಯಡ್’. ಇದರಲ್ಲಿ ಶಿಕ್ಷಕರನ್ನು ಬೈಯುವ ಅರ್ಥವಿಲ್ಲ. ಕಲಿಸಲು ಆ ವಿಷಯದ ಜನವೇ ಇಲ್ಲ, ಇದ್ದವರ ತಲೆ ಮೇಲೆ ಫಲಿತಾಂಶ. ಮುಂದೆ ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಚಿತ್ರಕ್ಕಾಗಲಿ ಹಾಡಿಗಾಗಲಿ ಒಂದಂಕವೂ ಇಲ್ಲ ಎಂಬುದು ಆರನೇ ತರಗತಿಯ ಹುಡುಗನಿಗೂ ಗೊತ್ತು.

ನನಗೆ ಅನುಕೂಲವಾದದ್ದು ಒಂದೇ. ಹೊಸದೇನನ್ನೂ ಕೇಳಬೇಕಿರಲಿಲ್ಲ, ಬರೆದದ್ದನ್ನು ಮಾಡಿ ಎನ್ನಬೇಕಿತ್ತು. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಒಂದು ವಿದ್ಯೆ ಇನ್ನೂ ಕೈ ಬಿಟ್ಟಿಲ್ಲ, ಭಾಷಣ ಕೇಳುವ ಮೊದಲು ಕಾಗದ ಓದು ಅಂತ. ಓದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರ, ನಾಟಕ ಈ ನಾಲ್ಕನ್ನೂ ಹತ್ತನೇ ತರಗತಿವರೆಗೆ ವಿಷಯವಾಗಿಯೇ ಕಲಿಸಬೇಕು ಎನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರನ್ನೇ ಬೋಧಕರಾಗಿ ಕರೆಯಿರಿ ಎನ್ನುತ್ತದೆ. ಆ ನೀತಿ ಬೇಕೋ ಬೇಡವೋ ಎಂದು ನಮ್ಮ ರಾಜ್ಯದಲ್ಲಿ ನಡೆದ ಜಗಳದಲ್ಲಿ ಈ ಸಾಲಿನ ಬಗ್ಗೆ ಯಾರೂ ಜಗಳವಾಡಿದ್ದನ್ನು ನಾನು ನೋಡಲಿಲ್ಲ.

ನಮ್ಮ ಶಾಲೆಯಲ್ಲಿ ಆರರಿಂದ ಎಂಟರವರೆಗೆ ನೂರಕ್ಕೆ ಏಳೆಂಟು ಮಕ್ಕಳು ಕಡಿಮೆ. ಕಾಯ್ದೆಯ ಗೆರೆ ನಮ್ಮ ಕಾಂಪೌಂಡಿನ ಹೊರಗೇ ನಿಂತಿತು. ಅತಿಥಿ ಶಿಕ್ಷಕರನ್ನು ಕೇಳೋಣವೆಂದರೆ ಅವರು ಬರುವುದು ಮಂಜೂರಾಗಿ ಖಾಲಿ ಇರುವ ಹುದ್ದೆಗೆ. ಮಂಜೂರೇ ಆಗದ ಹುದ್ದೆ ಖಾಲಿ ಇರುವುದಾದರೂ ಹೇಗೆ? ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಇದನ್ನು ನನಗೆ ವಿವರಿಸಿದ ಗುಮಾಸ್ತರು ಕೊನೆಗೆ ತಾವೇ ನಕ್ಕುಬಿಟ್ಟರು.

ಉಳಿದದ್ದು ಒಂದು ಬಾಗಿಲು. ಅದೇ ಕಾಯ್ದೆಯ 21 ಮತ್ತು 22ನೇ ಕಲಂಗಳು. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಅರ್ಧದಷ್ಟು ಮಹಿಳೆಯರಾಗಿರಬೇಕು. ಆ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಅನುದಾನ ಕೊಡುವಾಗ ಆ ಯೋಜನೆಯೇ ಆಧಾರವಾಗಬೇಕು. ಮೂರು ವರ್ಷದ ಯೋಜನೆ, ಅದರೊಳಗೆ ವರ್ಷಕ್ಕೊಂದು ಉಪಯೋಜನೆ. ನಮ್ಮ ಶಾಲೆಯಲ್ಲಿ ಈ ಯೋಜನೆ ಎಂದರೆ ಹಿಂದಿನ ವರ್ಷದ್ದನ್ನು ಇಸವಿ ತಿದ್ದಿ ಸಹಿ ಹಾಕಿಸುವ ಕಾಗದವಾಗಿತ್ತು. ಕಲೆ ಎಂಬ ಪದ ಅದರಲ್ಲಿ ಸೇರಬೇಕು, ಮುಂದೆ ಒಂದು ಮೊತ್ತ ಇರಬೇಕು. ನನ್ನ ಗುರಿ ಅಷ್ಟಕ್ಕೇ ಇಳಿಯಿತು.

ಯೋಜನೆ ಹೇಗೆ ಬರೆಯುವುದು ಎಂದು ಯಾರನ್ನು ಕೇಳಬೇಕು? ಯಾವ ಸಂಪನ್ಮೂಲ ವ್ಯಕ್ತಿಗಿಂತ ನನಗೆ ಹೆಚ್ಚು ಹೇಳಿಕೊಟ್ಟದ್ದು ದೊಡ್ಡಾಟದ ತಾಲೀಮು. ನಮ್ಮ ಊರಲ್ಲಿ ಕೊನೆಯ ಆಟ ಆಗಿ ವರ್ಷಗಳಾದವು. ಆದರೆ ಆಡಿದವರು ಇದ್ದಾರೆ. ಹಿರಿಯರೊಬ್ಬರ ಕಟ್ಟೆ ಮೇಲೆ ಕೂತು ಕೇಳಿದರೆ ಅದೊಂದು ಪಕ್ಕಾ ಶಿಕ್ಷಣ ಯೋಜನೆ ಎಂದು ಹೊಳೆಯಿತು. ಸುಗ್ಗಿ ಮುಗಿದು ಜೋಳ, ಕಡಲೆ ಮನೆಗೆ ಬಂದ ಮೇಲೆ ಆಡುವ ಹುಮ್ಮಸ್ಸಿನವರು ಸೇರುತ್ತಿದ್ದರು. ಯಾವ ಪ್ರಸಂಗ ಎಂದು ತೀರ್ಮಾನ. ಎಷ್ಟು ಪಾತ್ರ, ಯಾವ ಪಾತ್ರಕ್ಕೆ ಎಷ್ಟು ಪಟ್ಟಿ ಎತ್ತಬೇಕು ಎಂದು ಲೆಕ್ಕ. ರಾಜನ ಪಾತ್ರಕ್ಕೆ ಹೆಚ್ಚು, ದೂತನಿಗೆ ಕಡಿಮೆ. ಬೇರೆ ಊರಿನಿಂದ ಮಾಸ್ತರರನ್ನು ಕರೆಸಿ ಮೂರು ನಾಲ್ಕು ತಿಂಗಳಿಗೆ ಸಂಬಳ, ದಿನಕ್ಕೊಂದು ಮನೆಯ ಊಟ. ಕಲಿಯುವ ಜಾಗ ಗುಡಿಯ ಪೌಳಿ, ಹೊತ್ತು ರಾತ್ರಿ ಉಂಡ ಮೇಲೆ. ಓದಲು ಬಾರದವರಿಗೆ ಮಾತು ಬಾಯಿಪಾಠ, ಹಾಡಿನ ಮಟ್ಟು ಮದ್ದಳೆಯ ಜೊತೆ, ಕುಣಿತದ ಹೆಜ್ಜೆ ಬೇರೆಯಾಗಿ. ಭುಜಕೀರ್ತಿ, ಕಿರೀಟ ಕೊನೆಯಲ್ಲಿ, ಅದೂ ಬಾಡಿಗೆಗೆ. ‘ಮೊದ್ಲ ಹೆಜ್ಜಿ ಬರ್ಲಿ, ಕಿರೀಟ ಓಡಿ ಹೋಗಂಗಿಲ್ಲ’ ಎಂದರು ಅವರು. ಪ್ರತಿಭಾ ಕಾರಂಜಿಯಲ್ಲಿ ನಾವು ಕಿರೀಟದಿಂದ ಶುರು ಮಾಡುತ್ತೇವೆ.

ಕಲಿಯುವವರ ಪಟ್ಟಿ, ಕಲಿಸುವವರು, ಸಂಭಾವನೆ, ಜಾಗ, ಹೊತ್ತು, ಅವಧಿ, ಕೊನೆಗೆ ಊರಿನ ಮುಂದೆ ನಿಲ್ಲುವ ದಿನ. ಎಲ್ಲ ಇದೆ. ನಾನು ಬರೆದ ಕರಡು ಈ ತಾಲೀಮಿನ ನಕಲೇ.

ಪೂರ್ತಿ ನಕಲು ಮಾಡಲಾಗದ ಒಂದು ಸಂಗತಿಯೂ ಇತ್ತು. ಕೇಳುತ್ತ ಹೋದಂತೆ ಅದೇ ದೊಡ್ಡದಾಯಿತು. ಗುಡಿಯ ಪೌಳಿಯಲ್ಲಿ ಕೂರುವವರು ಯಾರು? ನಮ್ಮಪ್ಪ ಕೂತಿದ್ದರು, ಎರಡು ಆಟದಲ್ಲಿ ಪಾತ್ರ ಮಾಡಿದ್ದರು. ಕೇರಿಯ ಹುಡುಗರು ಬೇವಿನ ಮರದ ಕೆಳಗೆ, ಬೆಳಕು ಮುಗಿಯುವಲ್ಲಿ ನಿಂತು ಕೇಳುತ್ತಿದ್ದರಂತೆ. ಅವರಿಗೂ ಇಡೀ ಪ್ರಸಂಗ ಬಾಯಿಗೆ ಬರುತ್ತಿತ್ತು ಎಂದು ಆ ಹಿರಿಯರೇ ಮೆಚ್ಚಿಕೊಂಡು ಹೇಳಿದರು. ಯಾಕೆ ಒಳಗೆ ಕರೆಯಲಿಲ್ಲ ಎಂದರೆ ‘ಆವಾಗೆಲ್ಲ ಹಂಗ’ ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದರು. ಹೆಣ್ಣುಮಕ್ಕಳ ಮಾತಂತೂ ಇಲ್ಲವೇ ಇಲ್ಲ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ರಾತ್ರಿ ಹತ್ತು ಗಂಟೆಯ ಪಾಠಕ್ಕೆ ಇವತ್ತಿಗೂ ಯಾರೂ ಮಗಳನ್ನು ಕಳಿಸುವುದಿಲ್ಲ, ನಾನೂ ಕಳಿಸುವುದಿಲ್ಲ.

ಶಾಲೆಯ ಪೀರಿಯಡ್ಡೇ ಯಾಕೆ ಬೇಕು, ಸಂಜೆ ಭಜನಾ ಮಂಡಳಿಯವರು ಕಲಿಸಬಾರದೇ, ರಜೆಯ ಶಿಬಿರ ಸಾಲದೇ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಇದೊಂದೇ. ಹಗಲು ಹನ್ನೆರಡು ಗಂಟೆಗೆ ಊರಿನ ಎಲ್ಲ ಓಣಿಯ ಗಂಡು ಹೆಣ್ಣು ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂರುವ ಜಾಗ ನಮ್ಮಲ್ಲಿ ಮತ್ತೊಂದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಬೇಸಿಗೆ ಶಿಬಿರ ಒಳ್ಳೆಯದೇ. ಆದರೆ ಅಲ್ಲಿಗೆ ಬರುವುದು ಕೂಲಿಗೆ ಹೋಗದ, ತಂಗಿಯನ್ನು ಎತ್ತಿಕೊಳ್ಳಬೇಕಿಲ್ಲದ ಮಕ್ಕಳು.

ಕಲಿಸುವ ಜನ ಇಲ್ಲ ಎಂಬುದು ಸಾಮಾನ್ಯ ದೂರು. ನಮ್ಮ ಸೀಮೆಯ ಮಟ್ಟಿಗೆ ಅದು ಅರ್ಧ ಸುಳ್ಳು. ಪಕ್ಕದ ಜಿಲ್ಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು ಸಂಗೀತ ಕಲಿಸಿದವರು. ಆ ಮಕ್ಕಳ ಊಟಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿದರು. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮುಂದುವರಿಸಿದರು. ಜಿಲ್ಲೆಜಿಲ್ಲೆಯ ರೈತರು ಕೊಟ್ಟ ಜೋಳದಲ್ಲಿ ನಡೆದ ಸಂಗೀತ ಶಾಲೆ ಅದು. ಅಲ್ಲಿ ಕಲಿತವರು ಈ ಭಾಗದ ಎಷ್ಟೋ ಊರುಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಪುರಾಣ, ಮದುವೆ, ಭಜನೆ ಎಂದು ಹೊಟ್ಟೆ ಹೊರೆಯುತ್ತಿದ್ದಾರೆ. ನಮ್ಮಿಂದ ಒಂದು ಬಸ್ಸಿನ ದೂರದಲ್ಲಿ ಅಂಥವರೊಬ್ಬರಿದ್ದರು. ಸ್ವರ, ತಾಳ, ಮಕ್ಕಳನ್ನು ಸಾಲಾಗಿ ಕೂರಿಸಿ ಕಲಿಸುವ ಕ್ರಮ ಎಲ್ಲ ಗೊತ್ತಿದ್ದವರು. ಅವರ ಬಳಿ ಇಲ್ಲದ್ದು ಬಿ.ಇಡಿ. ಮಾತ್ರ.

ಚಿತ್ರಕ್ಕೂ ಹಾಗೆಯೇ. ಕಿನ್ನಾಳದ ಚಿತ್ರಗಾರ ಮನೆತನಗಳು ಹಗುರ ಮರ ಕೊರೆದು ಬಣ್ಣದ ಗೊಂಬೆ ಮಾಡುವುದು ಕೊಪ್ಪಳದಿಂದ ಕೂಗಳತೆಯ ಊರಲ್ಲಿ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಜಿಲ್ಲೆಗೆಲ್ಲ ಹೆಮ್ಮೆ, ಪುಟ ತುಂಬ ಸುದ್ದಿ. ಮಗಳ ತರಗತಿಯಲ್ಲಿ ತೊಗಲುಗೊಂಬೆ ನೋಡಿದವರು ಕೈ ಎತ್ತಿ ಎಂದರೆ ಎದ್ದ ಕೈಗಳೆಲ್ಲ ಮೊಬೈಲಿನಲ್ಲಿ ನೋಡಿದವರದ್ದು.

ಯೋಜನೆಯ ಸಭೆ ಡಿಸೆಂಬರಿನಲ್ಲಿ ಆಯಿತು. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲು ಯೋಜನೆ ಸಿದ್ಧವಿರಬೇಕು ಎಂಬುದನ್ನು ನಾನು ಬಾರಿಬಾರಿ ಹೇಳಿ ಬೇಸರ ತರಿಸಿದ್ದೆ. ಕರಡು ಓದಿದೆ. ಆರು, ಏಳು, ಎಂಟನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್. ಗೋಡೆಯ ಮೇಲೆ ಇರುವ ಪೀರಿಯಡ್ಡೇ, ಗಣಿತದ್ದೇನೂ ಕಿತ್ತುಕೊಳ್ಳುತ್ತಿಲ್ಲ. ಗವಾಯಿಗಳು ವಾರಕ್ಕೆರಡು ದಿನ ಬರುತ್ತಾರೆ. ಬಂದ ದಿನಕ್ಕೆ ಬಸ್ ಚಾರ್ಜು ಸೇರಿ 300 ರೂಪಾಯಿ. ತಿಂಗಳಿಗೆ ಎಂಟು ದಿನವೆಂದರೆ 2,400, ಹತ್ತು ತಿಂಗಳಿಗೆ 24,000. ಊರಿನ ಹಳೆಯ ಮದ್ದಳೆಯನ್ನು ಹೊಸ ತೊಗಲು ಹಾಕಿಸಿ ಶಾಲೆಗೆ ತರುವುದು. ತಿಂಗಳ ಮೂರನೇ ಶನಿವಾರ, ಹೇಗೂ ಬ್ಯಾಗಿಲ್ಲದ ಸಂಭ್ರಮ ಶನಿವಾರ, ಕಿನ್ನಾಳದಂಥ ಕಡೆ ಹೋಗುವುದು ಅಥವಾ ಅಲ್ಲಿನವರನ್ನು ಕರೆಸುವುದು.

ಮೌನ. ಆಮೇಲೆ ಕೇರಿಯ ಕಡೆಯ ಸದಸ್ಯೆ, ಇಬ್ಬರು ಹೆಣ್ಣುಮಕ್ಕಳ ತಾಯಿ, ಒಂದೇ ಮಾತು ಕೇಳಿದರು: ‘ಪಾಯಖಾನಿಗೆ ನೀರಿಲ್ಲ. ಎಂಟನೇತ್ತ ಹುಡುಗ್ಯಾರು ತಿಂಗಳಿಗೆ ನಾಕು ದಿನ ಸಾಲಿಗೇ ಬರಂಗಿಲ್ಲ. ಬರದಿದ್ದೋರಿಗೆ ಹಾಡು ಕಲಿಸ್ತೀರೇನು?’

ಇದಕ್ಕೆ ಎದುರು ಹೇಳುವ ಮಾತು ನನ್ನಲ್ಲಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಲೆಯ ಪರವಾಗಿ ವಾದಿಸುವವರು ಇಂಥ ಪ್ರಶ್ನೆಗೆ ‘ಎರಡೂ ಮುಖ್ಯ’ ಎಂದು ತೇಲಿಸುವುದನ್ನು ವಿಚಾರ ಸಂಕಿರಣಗಳಲ್ಲಿ ನೋಡಿದ್ದೇನೆ. ಆ ಸಭೆಯಲ್ಲಿ ಹಾಗೆ ಹೇಳಿದ್ದರೆ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು. ಒಂದನೇ ಸಾಲು ಶೌಚಾಲಯದ ನೀರು, ಎರಡನೇ ಸಾಲು ಕಲೆ ಎಂದು ಬರೆದೆವು. ಮೊದಲ ಸಾಲಿನ ಕಾಗದ ಹಿಡಿದು ಪಂಚಾಯಿತಿಗೆ ನಾನೇ ಆರು ಸಲ ಹೋದೆ. ಪೈಪು ಬಂತು, ಎರಡು ತಿಂಗಳ ನಂತರ ಮೋಟಾರೂ ಬಂತು. ಆ ತಾಯಿ ಆಮೇಲೆ ಎರಡನೇ ಸಾಲನ್ನು ನನಗಿಂತ ಗಟ್ಟಿಯಾಗಿ ಹಿಡಿದರು. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ದುಡ್ಡಿನ ಕತೆ ಸಣ್ಣದಾಗಿ ಹೇಳುತ್ತೇನೆ. ಇಲಾಖೆಯಲ್ಲಿ ಇಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ನಮ್ಮ ಕಡೆ ಶಾಲಾ ಕೊಠಡಿಗಳು ಎದ್ದಿವೆ. ಕೊಠಡಿಗೆ ಕೇಳುವುದು ಸುಲಭ, ಕೊಠಡಿಯೊಳಗೆ ನಡೆಯುವುದಕ್ಕೆ ಕೇಳುವುದು ಕಷ್ಟ. ಪಂಚಾಯಿತಿಯಲ್ಲಿ ‘ಯಾವ ಲೆಕ್ಕಶೀರ್ಷಿಕೆ?’ ಎಂದರು. ಮಕ್ಕಳ ಗ್ರಾಮಸಭೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ‘ನಮಗ ಮದ್ದಳಿ ಕಲೀಬೇಕ್ರಿ, ಗಂಡುಹುಡುಗ್ರಿಗೆ ಅಷ್ಟ ಅಲ್ಲ’ ಎಂದಳು. ನಾನು ಹೇಳಿಕೊಟ್ಟದ್ದಲ್ಲ, ನನಗೂ ಆಶ್ಚರ್ಯ. ಅಭಿವೃದ್ಧಿ ಅಧಿಕಾರಿ ನಕ್ಕರು. ‘ಅದನ್ನು ನಡಾವಳಿಯಲ್ಲಿ ಬರೀರಿ ಸರ್’ ಎಂದೆ. ಬರೆದರು. ನಡಾವಳಿಯಲ್ಲಿ ಬಂದ ಮಾತಿಗೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಮದ್ದಳೆಯ ತೊಗಲಿನ ಖರ್ಚು ಪಂಚಾಯಿತಿಯ ಸ್ವಂತ ವರಮಾನದಿಂದ ಬಂದದ್ದು ಹೀಗೆ. ಗವಾಯಿಗಳ ಸಂಭಾವನೆಗೆ ಹಳೆಯ ದೊಡ್ಡಾಟದ ಮೇಳದವರ ಬ್ಯಾಂಕ್ ಖಾತೆಯಲ್ಲಿ ಉಳಿದಿದ್ದ ದುಡ್ಡು ಒದಗಿತು. ಅವರದೊಂದು ಷರತ್ತು: ಜಾತ್ರೆಯಲ್ಲಿ ಮಕ್ಕಳಿಂದ ಒಂದು ದೃಶ್ಯ ಆಡಿಸಬೇಕು. ಮೊದಲ ವರ್ಷ ಯಾವ ಪ್ರದರ್ಶನವೂ ಬೇಡ ಎಂದು ನಾನು ಪಟ್ಟು ಹಿಡಿದೆ. ಪ್ರದರ್ಶನ ಎಂದ ಕೂಡಲೇ ಚೆನ್ನಾಗಿ ಹಾಡುವ ಎಂಟು ಮಕ್ಕಳು ಮುಂದೆ, ಉಳಿದವರು ಹಿಂದೆ. ಮೇಳದ ಹಿರಿಯರು ಗೊಣಗಿದರು, ಎರಡನೇ ವರ್ಷಕ್ಕೆ ಒಪ್ಪಿದರು.

ಜೂನ್‌ನಲ್ಲಿ ಪಾಠ ಶುರುವಾಯಿತು. ಮೊದಲ ತಿಂಗಳು ಕೈಚಪ್ಪಾಳೆಯ ತಾಳ ಬಿಟ್ಟು ಗವಾಯಿಗಳು ಬೇರೇನೂ ಹೇಳಿಕೊಡಲಿಲ್ಲ. ಪಾಲಕರಿಗೆ ಸಿಟ್ಟು: ‘ಚಪ್ಪಾಳಿ ಹೊಡ್ಯಾಕ ಮುನ್ನೂರು ರೂಪಾಯಿ?’ ಗವಾಯಿಗಳಿಗೆ ಮಕ್ಕಳ ಮುಖ ಕಾಣುವುದಿಲ್ಲ, ಆದರೆ ನಲವತ್ತು ಜೋಡಿ ಕೈಯಲ್ಲಿ ತಪ್ಪಿದ ಕೈ ಯಾವ ಮೂಲೆಯದೆಂದು ಹೇಳುತ್ತಿದ್ದರು. ಅದು ಮಕ್ಕಳಿಗೆ ಆಟವಾಯಿತು. ಬೇಕಂತಲೇ ತಪ್ಪು ಹಾಕಿ ಸಿಕ್ಕಿಬೀಳುವುದು. ಗಣಿತದ ಮೇಷ್ಟ್ರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ತ್ರಿಪುಟ ತಾಳವನ್ನು ಮೂರು, ಎರಡು, ಎರಡು ಎಂದು ಹಲಗೆಯ ಮೇಲೆ ಬರೆದು ಭಿನ್ನರಾಶಿಗೆ ಹೋದರು. ಇದನ್ನು ನಾನು ಹೆಚ್ಚು ಪ್ರಚಾರ ಮಾಡುವುದಿಲ್ಲ. ತಾಳ ಕಲಿತರೆ ಗಣಿತ ಬರುತ್ತದೆ ಎಂದು ಮಾರಲು ಹೊರಟರೆ, ಗಣಿತದ ಅಂಕ ಏರದ ವರ್ಷ ತಾಳವನ್ನು ಕೈಬಿಡುತ್ತಾರೆ. ಅದು ತಾಳ, ತಾಳಕ್ಕಾಗಿಯೇ ಇರಲಿ.

ಇನ್ನು ಆ ತಾಯಿಯ ಮಾತು. ಅವರ ಮಾವ ಹಲಗೆ ಬಾರಿಸುವವರು. ಊರಿನ ಯಾವ ಮೆರವಣಿಗೆಯೂ ಅವರಿಲ್ಲದೆ ಹೊರಡುವುದಿಲ್ಲ, ಯಾವ ಹೆಣವೂ ಹೋಗುವುದಿಲ್ಲ. ಎರಡನೇ ವರ್ಷದ ಉಪಯೋಜನೆಯ ಸಭೆಯಲ್ಲಿ ಆಕೆ, ಮದ್ದಳೆ ಬಂತಲ್ಲ, ಹಲಗೆಯೂ ಬರಲಿ, ನಮ್ಮ ಮಾವ ಕಲಿಸುತ್ತಾನೆ, ಅವನಿಗೂ ಮುನ್ನೂರು ಕೊಡಿ ಎಂದರು. ಸಭೆ ಎರಡಾಯಿತು. ‘ಸತ್ತಾಗ ಬಾರ್ಸೋದು ಸಾಲ್ಯಾಗ ಯಾಕ?’ ಎಂದ ಒಬ್ಬರು, ಕಳೆದ ವರ್ಷ ಮದ್ದಳೆಗೆ ಮೊದಲು ಕೈ ಎತ್ತಿದವರೇ. ಇನ್ನೊಬ್ಬರು ‘ಹುಡುಗ್ರನ್ನ ಬಿಡಿಸ್ತೀವಿ’ ಎಂದರು. ಮುಖ್ಯಗುರುಗಳಿಗೆ ಹಾಜರಾತಿಯ ಚಿಂತೆ. ಒಂದು ಹುಡುಗಿ ಕಡಿಮೆಯಾದರೂ ಅವರು ಉತ್ತರ ಕೊಡಬೇಕು. ಗುಡಿಯ ಪೌಳಿಯ ಗೆರೆ ಹಗಲಿನಲ್ಲಿ, ಶಾಲೆಯ ಕೊಠಡಿಯೊಳಗೆ ಎದ್ದು ಕಂಡಿತು.

ಕೊನೆಗೆ ಮುಖ್ಯಗುರುಗಳು ಕಾಗದದಲ್ಲಿ ‘ತಾಳವಾದ್ಯ’ ಎಂದು ಬರೆದರು. ಅದರಲ್ಲಿ ಎಲ್ಲ ಬಂತು, ಯಾರಿಗೂ ಬೇಸರವಿಲ್ಲ ಎಂಬುದು ಅವರ ಜಾಣತನ. ಸಭೆಯಲ್ಲಿದ್ದ ಹೆಚ್ಚಿನವರಿಗೆ ನಿರಾಳ. ನಾನು ಹಲಗೆ ಎಂದೇ ಬರೆಯಬೇಕು ಎಂದೆ, ನನ್ನದೂ ಆಕೆಯದೂ ಸೇರಿ ನಾಲ್ಕು ಕೈ ಎದ್ದವು, ಸಾಲಲಿಲ್ಲ. ಆ ಹಿರಿಯ ಒಂದು ಸಂಭ್ರಮ ಶನಿವಾರ ಅತಿಥಿಯಾಗಿ ಬಂದು ಬಾರಿಸಿದರು. ಮಕ್ಕಳು ಮೈಮರೆತು ಕುಣಿದರು, ಗವಾಯಿಗಳು ಕೂತಲ್ಲೇ ತಲೆದೂಗಿ, ಆ ಕೈಯ ವೇಗ ತಮಗೆ ಆಶ್ರಮದಲ್ಲೂ ಸಿಕ್ಕಿರಲಿಲ್ಲ ಎಂದರು. ಮಕ್ಕಳನ್ನು ಬಿಡಿಸುತ್ತೇವೆ ಎಂದವರ ಮಗ ಮುಂದಿನ ಸಾಲಿನಲ್ಲೇ ಇದ್ದ. ಆದರೆ ಅತಿಥಿ ಎಂದರೆ ಒಂದು ಶನಿವಾರ. ಶಾಲು, ಹಾರ, ಫೋಟೊ. ಆ ಫೋಟೊ ನಮ್ಮ ಪತ್ರಿಕೆಯಲ್ಲಿ ಎರಡು ಕಾಲಂ ಬಂತು. ಆಕೆ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ‘ಛಲೋ ಬಂದೈತಿ, ಆದ್ರ ಪೀರಿಯಡ್ ಬರ್ಲಿಲ್ಲ’ ಎಂದರು.

ಮೂರನೇ ವರ್ಷದ ಉಪಯೋಜನೆ ಈ ಡಿಸೆಂಬರಿನಲ್ಲಿ. ಮೇಳದವರ ಖಾತೆಯ ದುಡ್ಡು ಮಾರ್ಚ್‌ಗೆ ಮುಗಿಯುತ್ತದೆ. ನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಶಾಲೆಯ ಸಮಿತಿ ಗವಾಯಿಗಳನ್ನು ಅರ್ಧ ಹಂಚಿಕೊಳ್ಳಲು ಕೇಳಿದೆ, ಹಾಗಾದರೆ ಖರ್ಚೂ ಅರ್ಧವಾಗುತ್ತದೆ. ಅಲ್ಲಿ ಮಕ್ಕಳ ಸಂಖ್ಯೆ ನೂರು ದಾಟಿದೆ. ಕಾಯ್ದೆಯ ಗೆರೆ ಅವರ ಕಡೆ ಇದೆ, ಅರ್ಜಿ ಅವರ ಹೆಸರಲ್ಲೇ ಬರೆದುಕೊಡುತ್ತಿದ್ದೇನೆ. ಹಲಗೆಗೆ ಎಷ್ಟು ಕೈ ಏಳುತ್ತವೆ ಎಂದು ಆಕೆ ಓಣಿಓಣಿ ತಿರುಗಿ ಲೆಕ್ಕ ಹಾಕುತ್ತಿದ್ದಾರೆ. ನಿನ್ನೆ ಸಂಜೆಗೆ ಏಳಾಗಿತ್ತು. ಒಂಬತ್ತು ಬೇಕು.